ಟಿಬೆಟ್ ಹೋರಾಟವನ್ನು ಹೊರಗೆ ಕೂತು ನಡೆಸುವುದು ಹೇಗೆ?

ನಾಯಕ ದಲೈ ಲಾಮಾ ಹಿಮಾಚಲದ ಧರ್ಮಶಾಲಾದಲ್ಲಿ, ಜನ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟಿಯನ್ ಶಿಬಿರದಲ್ಲಿ. ಇಷ್ಟು ದೂರದಿಂದ ಹೋರಾಟದ ಮೇಲೆ ಹಿಡಿತ ಹೇಗೆ ಅಂತ ಕೇಳಿದ್ದೀರಿ.

ಮುಖ್ಯವಾಗಿ ಧರ್ಮಶಾಲಾದಲ್ಲಿರುವ ಟಿಬೆಟಿಯನ್ ಆಡಳಿತ ಕೊಡುವ ಒಂದು ಹಸಿರು ಪುಸ್ತಕದಿಂದ. ಹೊರಗಿರುವ ಟಿಬೆಟಿಯನ್ನರು ವರ್ಷಕ್ಕೊಮ್ಮೆ ಚಂದಾ ಕಟ್ಟಿ ಅದರಲ್ಲಿ ಬರೆಸುತ್ತಾರೆ. ಪುಸ್ತಕ ಸರಿಯಿದ್ದರೆ ಆ ಆಡಳಿತದ ಚುನಾವಣೆಯಲ್ಲಿ ವೋಟು. ತೆರಿಗೆ ಅನ್ನೋಣ ಅಂದರೆ ವಸೂಲಿಗೆ ಪೊಲೀಸರೇ ಇಲ್ಲ!

2011ರಲ್ಲಿ ದಲೈ ಲಾಮಾ ರಾಜಕೀಯ ಅಧಿಕಾರ ಬಿಟ್ಟರು. ಈಗ ಆಡಳಿತದ ಮುಖ್ಯಸ್ಥರನ್ನು ಜನರೇ ಆರಿಸುತ್ತಾರೆ, 'ಸಿಕ್ಯೋಂಗ್' ಅಂತ. 2021ರಲ್ಲಿ ಗೆದ್ದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದೇ ಬೈಲಕುಪ್ಪೆಯಲ್ಲಿ. ನಮ್ಮ ಮೈಸೂರು ಜಿಲ್ಲೆಯವರೇ ಆದರು, ಅಲ್ವಾ?

ಚೀನಾ ಈ ಆಡಳಿತದವರನ್ನು ಪ್ರತ್ಯೇಕತಾವಾದಿಗಳು ಅನ್ನುತ್ತದೆ. ಆದರೆ ಇವರು ಅಧಿಕೃತವಾಗಿ ಕೇಳುತ್ತಿರುವುದು ಚೀನಾದೊಳಗೇ ಸ್ವಾಯತ್ತತೆ. ಪೂರ್ತಿ ಸ್ವಾತಂತ್ರ್ಯವೇ ಬೇಕು ಅಂತ ಪಟ್ಟು ಹಿಡಿದಿರುವುದು ಟಿಬೆಟಿಯನ್ ಯೂತ್ ಕಾಂಗ್ರೆಸ್ ಎಂಬ ಯುವಜನರ ಸಂಘಟನೆ.