ಬೋರಾನ್ ವಿಷವಾಗುವಷ್ಟಿರುವ ಮಣ್ಣಿನಲ್ಲೂ ಕೆಲವು ಗಿಡಗಳು ಹೇಗೆ ಬದುಕುತ್ತವೆ? ಅದನ್ನು ಜೀರ್ಣಿಸಿಕೊಳ್ಳುತ್ತವೆಯೇ?

ಇಲ್ಲ, ಜೀರ್ಣಿಸಿಕೊಳ್ಳುವುದಿಲ್ಲ. ಬೋರಾನ್ ಒಂದು ಮೂಲಧಾತು. ಅದನ್ನು ಮುರಿದು ಇನ್ನೇನನ್ನೋ ಮಾಡುವುದು ಯಾವ ಗಿಡದ ಕೈಲೂ ಆಗದ ಕೆಲಸ. ಚೆನ್ನಾಗಿ ತಾಳಿಕೊಳ್ಳುವ ಬೆಳೆಗಳು ಮಾಡುವುದು ಬಹುಪಾಲು ಒಂದೇ: ಒಳಗೆ ನುಗ್ಗಿದ್ದನ್ನು ಬಿಡುವಿಲ್ಲದೆ ಹೊರಗೆ ಎಸೆಯುತ್ತಲೇ ಇರುತ್ತವೆ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಒಂದು ನಿಂಬೆ ಗಿಡವನ್ನು ಕೊಂದ ಮೇಲೆ. ನಮ್ಮ ತೆಂಗಿಗೆ ಬೋರಾನ್ ಕಮ್ಮಿಯಾಗಿ ಹೊಸ ಗರಿಗಳು ಬಿಚ್ಚಿಕೊಳ್ಳದೆ ಸುಕ್ಕುಗಟ್ಟುತ್ತಿದ್ದವು. ಮರಕ್ಕೆ 50 ಗ್ರಾಂ ಲೆಕ್ಕದಲ್ಲಿ ಬೋರಾಕ್ಸ್, ಅಂದರೆ ನಮ್ಮಜ್ಜಿ ಬಿಳಿಗಾರ ಎನ್ನುತ್ತಿದ್ದ ಪುಡಿ, ಬುಡಕ್ಕೆ ಹಾಕಿದೆ. ಒಂದು ಹಿಡಿ ಉಳಿಯಿತು. ಸುಮ್ಮನೆ ಯಾಕೆ ಹಾಳು ಮಾಡಬೇಕು ಅಂತ ಪಕ್ಕದ ಡ್ರಮ್ಮಿನಲ್ಲಿದ್ದ ನಿಂಬೆಗೆ ಸುರಿದುಬಿಟ್ಟೆ. ಮೂರು ವಾರದಲ್ಲಿ ಹಳೆಯ ಎಲೆಗಳ ತುದಿ ಹಳದಿಯಾಯಿತು, ಆಮೇಲೆ ಅಂಚಿನುದ್ದಕ್ಕೂ ಸುಟ್ಟ ಹಾಗೆ ಕಂದುಬಣ್ಣ. ಚಿಗುರು ಮಾತ್ರ ಹಸಿರಾಗೇ ಇತ್ತು. ನೀರು ಸಾಲದೇನೋ ಅಂದುಕೊಂಡೆ.

ತುದಿಯೇ ಯಾಕೆ, ಅದೂ ಹಳೆಯ ಎಲೆಯೇ ಯಾಕೆ? ಬೋರಾನ್ ನೀರಿನ ಜೊತೆ ಮೇಲೇರುತ್ತದೆ. ಎಲೆಯಿಂದ ನೀರು ಆವಿಯಾಗಿ ಹೋದಾಗ ಬೋರಾನ್ ಅಲ್ಲೇ ಉಳಿಯುತ್ತದೆ, ಗಡಸು ನೀರು ಕಾಯಿಸಿದ ಪಾತ್ರೆಗೆ ಬಿಳಿ ಕಟ್ಟುವಂತೆ. ಹೆಚ್ಚು ದಿನ ನೀರು ಕುಡಿದ ಎಲೆಗೆ ಹೆಚ್ಚು ಪಾಲು. (ಸೇಬು, ಬಾದಾಮಿಯಂಥವುಗಳಲ್ಲಿ ಈ ಲಕ್ಷಣ ಹುಡುಕಬೇಡಿ. ಅವುಗಳಲ್ಲಿ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ವಸ್ತುವಿಗೆ ಅಂಟಿಕೊಂಡು ಬೋರಾನ್ ಎಲೆಯಿಂದ ಮತ್ತೆ ಹೊರಡುತ್ತದೆ, ಹಾಗಾಗಿ ಒಣಗುವುದು ಎಳೆಯ ಚಿಗುರು.)

ಮಣ್ಣಿನಲ್ಲಿ ಬೋರಾನ್ ಇರುವುದು ಹೆಚ್ಚಾಗಿ ಬೋರಿಕ್ ಆಮ್ಲವಾಗಿ. ಕೇರಂ ಬೋರ್ಡಿಗೆ ಉದುರಿಸುವ ಪುಡಿ ಗೊತ್ತಲ್ಲ, ಅದೇ. ಇದರ ಅಣುವಿಗೆ ವಿದ್ಯುದಂಶವಿಲ್ಲ, ಗಾತ್ರವೂ ಚಿಕ್ಕದು. ಹಾಗಾಗಿ ಜೀವಕೋಶದ ಪೊರೆಯ ಮೂಲಕ ಯಾರನ್ನೂ ಕೇಳದೆ ನುಸುಳಿಬಿಡುತ್ತದೆ. ಬೇರು ಬಾಗಿಲು ಹಾಕಿಕೊಂಡರೂ ಪೂರ್ತಿ ತಡೆಯಲಾಗದು. ಒಳಗೆ ಹೋದಮೇಲೆ ಕೆಲವು ಸಕ್ಕರೆಗಳಿಗೆ ಗಂಟುಬೀಳುವುದು ಇದರ ಸ್ವಭಾವ. ಕೋಶಭಿತ್ತಿಯಲ್ಲಿ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಕಟ್ಟುವುದು ಇದೇ ಗುಣ, ಅದಕ್ಕೇ ಬೋರಾನ್ ಇಲ್ಲದೆ ಗಿಡ ಬೆಳೆಯದು. ಅತಿಯಾದರೆ ಅದೇ ಗುಣ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ, ಜೀನಿನ ಸಂದೇಶ ಹೊರುವ ಆರ್‌ಎನ್‌ಎಗಳಲ್ಲಿರುವ ರೈಬೋಸ್ ಸಕ್ಕರೆಗೂ ಕೈಹಾಕುತ್ತದೆ.

ಇನ್ನು ತಾಳಿಕೊಳ್ಳುವವರ ವಿಚಾರ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮಳೆ ಕಮ್ಮಿ, ಬೋರಾನ್ ತೊಳೆದುಹೋಗದೆ ಕೆಳಪದರದ ಜೇಡಿಯಲ್ಲೇ ಕೂತಿದೆ. ಅಲ್ಲಿನ ಗ್ಲ್ಯಾಡ್‌ಸ್ಟನ್ ಊರಿನ ಬಾರ್ಲಿ ಹೊಲಗಳ ತೊಂದರೆಗೆ ಬೋರಾನ್ ಕಾರಣ ಎಂದು 1984ರಲ್ಲಿ ವರದಿಯಾಯಿತು. ಆಮೇಲೆ ತಳಿ ಹುಡುಕುವವರಿಗೆ ಸಿಕ್ಕಿದ್ದು ಅಲ್ಜೀರಿಯಾದ ಒಂದು ನಾಟಿ ಬಾರ್ಲಿ, ಹೆಸರು ಸಹಾರಾ 3771. 2007ರಲ್ಲಿ ಅದರ ಗುಟ್ಟು ಹೊರಬಿತ್ತು: ಬಾಟ್1 ಎಂಬ ಜೀನ್. ಬೋರಾನ್ ತಾಳದ ತಳಿಗಳಿಗೆ ಹೋಲಿಸಿದರೆ ಸಹಾರಾದಲ್ಲಿ ಇದರ ಪ್ರತಿಗಳು ಸುಮಾರು ನಾಲ್ಕು ಪಟ್ಟು.

ಈ ಜೀನ್ ಕಟ್ಟುವುದು ಪೊರೆಯಲ್ಲಿ ಕೂರುವ ಒಂದು ಪಂಪನ್ನು. ಜೀವಕೋಶದೊಳಗೆ ಬೋರಿಕ್ ಆಮ್ಲದ ಸಣ್ಣ ಪಾಲು ಋಣ ವಿದ್ಯುದಂಶ ಪಡೆದು ಬೋರೇಟ್ ಆಗುತ್ತದೆ, ಪಂಪು ಹಿಡಿದು ಆಚೆ ಹಾಕುವುದು ಅದನ್ನು. ಹಾಕಿದ್ದು ಮತ್ತೆ ನುಸುಳುತ್ತದೆ, ಮತ್ತೆ ಹಾಕಬೇಕು. ತೂತಾದ ತೆಪ್ಪದಿಂದ ನೀರು ಮೊಗೆದು ಚೆಲ್ಲಿದ ಹಾಗೆ. ನಾಲ್ಕು ಜನ ಮೊಗೆದರೆ ತೆಪ್ಪ ತೇಲುತ್ತದೆ.

ನನಗೆ ಇದರಲ್ಲಿ ಬಲು ಹಿಡಿಸಿದ್ದು ಬೇರೆಯದೇ. ಇದು ವಿಷದ ವಿರುದ್ಧ ಹೊಸದಾಗಿ ಹುಟ್ಟಿದ ಆಯುಧವಲ್ಲ. 2002ರಲ್ಲಿ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಬಾರ್1 ಪಂಪು ಸಿಕ್ಕಿತ್ತು. ಅದರ ಕೆಲಸ ಬೋರಾನ್ ಬರಗಾಲದಲ್ಲಿ ಇರುವಷ್ಟನ್ನು ಬೇರಿನಿಂದ ಮೇಲಕ್ಕೆ ಕಳಿಸುವುದು, ಬೋರಾನ್ ಹೇರಳವಾದರೆ ಗಿಡವೇ ಆ ಪಂಪನ್ನು ಕೆಡವಿಹಾಕುತ್ತದೆ. ಬಾಟ್1 ಅದೇ ಮನೆತನದ್ದು. ಒಬ್ಬ ಹಂಚಲು ಮೊಗೆಯುತ್ತಾನೆ, ಇನ್ನೊಬ್ಬ ಚೆಲ್ಲಲು.

ಚೆಲ್ಲುವುದು ಬೇರಿನಲ್ಲಿ ಮಾತ್ರವಲ್ಲ. ಮುಂಜಾನೆ ಹುಲ್ಲಿನ ಅಥವಾ ಬತ್ತದ ಸಸಿಯ ಎಲೆ ನೋಡಿ, ತುದಿಗೆ ಸರಿಯಾಗಿ ಒಂದೊಂದೇ ಹನಿ ನಿಂತಿರುತ್ತದೆ. ಎಷ್ಟೋ ಜನ ಅದನ್ನು ಇಬ್ಬನಿ ಎನ್ನುತ್ತಾರೆ. ಇಬ್ಬನಿ ಎಲೆಯ ಮೈಯೆಲ್ಲ ಕೂರುತ್ತದೆ, ಇದು ಗಿಡ ಒಳಗಿನಿಂದ ಒತ್ತಿ ಹೊರಗೆ ಹಾಕಿದ ನೀರು. ಸಹಾರಾ ಬಾರ್ಲಿ ಎಲೆಯ ಬೋರಾನನ್ನು ಈ ಹನಿಯ ಮೂಲಕವೂ ಸಾಗಹಾಕುತ್ತದೆ ಎಂದು ಬಾಟ್1 ಜೀನ್ ಚುರುಕಾಗಿರುವ ಜಾಗಗಳು ಸೂಚಿಸುತ್ತವೆ. ಇದರ ಜೊತೆ, ಸಿಲಿಕಾನ್ ಒಳಬರುವ ಒಂದು ಬಾಗಿಲಿನಿಂದ ಬೋರಾನೂ ತೂರುವುದರಿಂದ, ಸಹಾರಾ ಆ ಬಾಗಿಲುಗಳನ್ನೇ ಕಡಿಮೆ ಮಾಡಿಕೊಂಡಿದೆ.

ಎಲ್ಲರೂ ಎಸೆಯುವವರೇ ಅಲ್ಲ. ಹೂಗುಚ್ಛದಲ್ಲಿ ಗುಲಾಬಿಗಳ ಮಧ್ಯೆ ತುರುಕುವ ಸಣ್ಣ ಬಿಳಿ ಹೂವಿನ ಜಿಪ್ಸೋಫಿಲಾ ಇದೆಯಲ್ಲ, ಅದರ ಕೆಲವು ದಾಯಾದಿಗಳು ಟರ್ಕಿಯ ಬೋರಾನ್ ಗಣಿಗಳ ಮಣ್ಣಿನಲ್ಲಿ ಬೆಳೆದು, ಎಲೆಯಲ್ಲೇ ಬೇಕಾದಷ್ಟು ಬೋರಾನ್ ತುಂಬಿಕೊಂಡು ಹಾಯಾಗಿರುತ್ತವೆ.

ನಿಮಗೇನಾದರೂ ಬೋರಾನ್ ಹೆಚ್ಚಿರುವ ನೀರಿನ ಕಾಟವಿದ್ದರೆ, ತಳಿಗಿಂತ ಮೊದಲು ಬೆಳೆಯನ್ನೇ ಬದಲಾಯಿಸುವುದು ಸುಲಭ. ನಿಂಬೆಗೆ ಲೀಟರಿಗೆ ಅರ್ಧ ಮಿಲಿಗ್ರಾಂ ದಾಟಿದರೇ ಕಷ್ಟ. ಟೊಮೆಟೊ 4ರಿಂದ 6ರವರೆಗೂ ತಡೆಯುತ್ತದೆ. ಮಣ್ಣಿನಲ್ಲಿರುವ ಬೋರಾನ್ ನೀರು ಹಾಯಿಸಿದರೆ ಹೋಗುತ್ತದೆ, ಆದರೆ ಉಪ್ಪಿನಷ್ಟು ಬೇಗ ಅಲ್ಲ. ನನ್ನ ಡ್ರಮ್ಮಿನ ತಳಕ್ಕೆ ಇನ್ನಷ್ಟು ತೂತು ಕೊರೆದು ಒಂದು ಮಳೆಗಾಲ ಪೂರ್ತಿ ಸೂರಿನ ನೀರಿನ ಕೆಳಗೆ ಇಟ್ಟೆ. ಆಮೇಲೆ ಹಾಕಿದ್ದು ಟೊಮೆಟೊ. ನಿಂಬೆ ಇಡಲು ಇನ್ನೂ ಧೈರ್ಯ ಬಂದಿಲ್ಲ.