ಡಾರ್ಟ್‌ಮುಂಡ್‌ಗೆ ಬರಲಾ ಅಂತ ಕೇಳಿದ ಭದ್ರಾವತಿ ಹುಡುಗನಿಗೆ

ಡಾರ್ಟ್‌ಮುಂಡ್‌ನ ಟೆಕ್ನಿಕಲ್ ಯೂನಿವರ್ಸಿಟಿಯಲ್ಲಿ ನಿಮಗೆ ಮಾಸ್ಟರ್ಸ್ ಸೀಟು ಸಿಕ್ಕಿದೆ. ಅಷ್ಟರಲ್ಲಿ ಯಾರೋ "ಅದು ಹಳೇ ಕಲ್ಲಿದ್ದಲಿನ ಊರು, ಬರೀ ಹೊಗೆ, ಕೆಲಸವೂ ಇಲ್ಲ, ಮ್ಯೂನಿಕ್‌ಗೆ ಟ್ರೈ ಮಾಡು" ಅಂತ ಹೆದರಿಸಿದ್ದಾರೆ. ಬರಲಾ, ಬೇಡವಾ ಅಂತ ಕೇಳಿದ್ದೀರಿ. ಸುಮ್ನೆ ಬನ್ನಿ. ಆದರೆ ಪೋಸ್ಟ್‌ಕಾರ್ಡಿನ ಜರ್ಮನಿ ಸಿಗುತ್ತದೆ ಅಂದುಕೊಂಡು ಬರಬೇಡಿ.

ಹೊಗೆ ಹೋಗಿ ಬಹಳ ವರ್ಷವಾಯಿತು. ಊರಿನ ಕೊನೆಯ ಗಣಿ ಮಿನಿಸ್ಟರ್ ಸ್ಟೈನ್ 1987ರಲ್ಲೇ ಮುಚ್ಚಿತು. ಹ್ಯೋರ್ಡೆ ಬಡಾವಣೆಯ ಫೀನಿಕ್ಸ್ ಉಕ್ಕಿನ ಕಾರ್ಖಾನೆ 2001ರಲ್ಲಿ ನಿಂತಿತು. ಭದ್ರಾವತಿಯವರಿಗೆ ಕಾರ್ಖಾನೆ ಸೊರಗುವುದು ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಇಲ್ಲಿ ಆಮೇಲೆ ನಡೆದದ್ದು ಮಾತ್ರ ವಿಚಿತ್ರ. ಚೀನಾದ ಕಂಪನಿಯೊಂದು ಅದನ್ನು ಕೊಂಡುಕೊಂಡಿತು. ಅಲ್ಲಿಂದ ನೂರಾರು ಕೆಲಸಗಾರರು ಬಂದು, ಕಾರ್ಖಾನೆಯನ್ನೇ ಬಿಚ್ಚಿ, ಹಡಗಿಗೆ ತುಂಬಿ ಒಯ್ದರು! ಖಾಲಿ ಜಾಗವನ್ನು ಅಗೆದು 2010ರಲ್ಲಿ ನೀರು ಬಿಟ್ಟರು. ಈಗ ಅಲ್ಲಿ ಸುಮಾರು 24 ಹೆಕ್ಟೇರಿನ ಫೀನಿಕ್ಸ್ ಕೆರೆ ಇದೆ. ದಂಡೆಯಲ್ಲಿ ಕೆಫೆ, ದೋಣಿ, ದುಬಾರಿ ಮನೆಗಳು. ಚೆಂದವಾಗಿದೆ, ಇಲ್ಲ ಅನ್ನಲ್ಲ. ಆದರೆ ಕುಲುಮೆ ಮುಂದೆ ಬೆವರು ಸುರಿಸಿದವರಲ್ಲಿ ಎಷ್ಟು ಜನಕ್ಕೆ ಆ ದಂಡೆಯಲ್ಲಿ ಮನೆ ಕೊಳ್ಳಲು ಆದೀತು ಹೇಳಿ?

ಕೆರೆಯ ಪಕ್ಕದಲ್ಲೇ ಎಮ್ಶರ್ ನದಿ ಹರಿಯುತ್ತದೆ. ನೂರು ವರ್ಷ ಅದು ಇಡೀ ಪ್ರದೇಶದ ತೆರೆದ ಚರಂಡಿಯಾಗಿತ್ತು. ಗಣಿಗಳಿಂದ ನೆಲ ಕುಸಿಯುತ್ತಲೇ ಇದ್ದದ್ದರಿಂದ ಒಳಚರಂಡಿ ಪೈಪು ಹಾಕಿದರೆ ಒಡೆದುಹೋಗುತ್ತಿತ್ತು. ಗಣಿ ನಿಂತ ಮೇಲೆ, ದಶಕಗಳ ಕೆಲಸದ ನಂತರ, ನದಿಗೆ ಈಗ ಚರಂಡಿ ನೀರು ಬಿಡುವುದಿಲ್ಲ. ಆದರೆ ನೆಲ ಕುಸಿದ ರುರ್ ಪ್ರದೇಶದಲ್ಲಿ, ಅಂದರೆ ಈ ಊರೂ ಸೇರಿದ ಹಳೇ ಗಣಿ ಸೀಮೆಯಲ್ಲಿ, ನೀರೆತ್ತುವ ಪಂಪುಗಳು ಇವತ್ತಿಗೂ ನಿಲ್ಲುವ ಹಾಗಿಲ್ಲ. ನಿಂತರೆ ಎಷ್ಟೋ ಬಡಾವಣೆಗಳಿಗೆ ನೀರು ನುಗ್ಗುತ್ತದೆ.

ಕೆಲಸದ ವಿಷಯದಲ್ಲಿ ನಿಮ್ಮನ್ನು ಹೆದರಿಸಿದವರ ಮಾತು ಅರ್ಧ ಸರಿ. ನಿರುದ್ಯೋಗ ಇಲ್ಲಿ ದೇಶದ ಸರಾಸರಿಗಿಂತ ಜಾಸ್ತಿಯೇ. ಆದರೆ 1968ರಲ್ಲಿ ಶುರುವಾದ ನಿಮ್ಮ ಯೂನಿವರ್ಸಿಟಿಯ ಪಕ್ಕದಲ್ಲೇ ದೊಡ್ಡ ಟೆಕ್ನಾಲಜಿ ಪಾರ್ಕ್ ಇದೆ, ಎರಡಕ್ಕೂ ನಡುವೆ ಡ್ರೈವರ್ ಇಲ್ಲದ ತೂಗು ರೈಲು ಓಡುತ್ತದೆ. ಲಾಜಿಸ್ಟಿಕ್ಸ್, ಇನ್ಶೂರೆನ್ಸ್, ಐಟಿ ಕಂಪನಿಗಳಿವೆ. ಎಸ್ಸೆನ್, ಬೋಖುಮ್ ರೈಲಿನಲ್ಲಿ ಹತ್ತಿರ, ಡ್ಯುಸೆಲ್‌ಡಾರ್ಫ್‌ಗೂ ದಿನಾ ಹೋಗಿ ಬರುವವರಿದ್ದಾರೆ. ರೈಲು ಸಮಯಕ್ಕೆ ಬಂದರೆ ಅನ್ನಿ. ಜರ್ಮನ್ ಭಾಷೆ ಬಿ1 ಮಟ್ಟಕ್ಕಾದರೂ, ಅಂದರೆ ದಿನದ ವ್ಯವಹಾರಕ್ಕೆ ಸಾಕಾಗುವಷ್ಟಾದರೂ, ಕಲಿಯದಿದ್ದರೆ ಮ್ಯೂನಿಕ್‌ನಲ್ಲೂ ಇದೇ ಪರದಾಟ, ಬಾಡಿಗೆ ಮಾತ್ರ ಅಲ್ಲಿ ತುಂಬಾ ಹೆಚ್ಚು.

ನಾರ್ಡ್‌ಸ್ಟಾಟ್ ಅಂದರೆ ಸ್ಟೇಷನ್ನಿನ ಆಚೆಯ ಉತ್ತರ ಭಾಗ. ಬಾಡಿಗೆ ಕಡಿಮೆ, ಹೆಸರು ಕೆಟ್ಟದ್ದು. ಕೆಲವು ಬೀದಿಗಳಲ್ಲಿ ರಾತ್ರಿ ಒಬ್ಬರೇ ಓಡಾಡಲು ನನಗೂ ಇಷ್ಟವಿಲ್ಲ. ಆದರೂ ಕೊತ್ತಂಬರಿ, ಪುದೀನ, ಬೆಂಡೆಕಾಯಿ ಬೇಕಾದರೆ ಅಲ್ಲಿನ ಮ್ಯುನ್‌ಸ್ಟರ್ ಬೀದಿಯ ಟರ್ಕಿಯವರ ಅಂಗಡಿಗೇ ಹೋಗುತ್ತೇನೆ. ಗಣಿಗೆ ಮೊದಲು ಪೋಲೆಂಡ್ ಕಡೆಯಿಂದ, 1960ರ ದಶಕದಲ್ಲಿ ಟರ್ಕಿಯಿಂದ ಜನ ಬಂದರು. ಹೊರಗಿನವರನ್ನು ನೋಡಿ ಈ ಊರಿಗೆ ಅಭ್ಯಾಸವಿದೆ. ಜನರ ಮಾತು ನೇರ, ಸ್ವಲ್ಪ ಒರಟು, ಆದರೆ ದಾರಿ ಕೇಳಿದರೆ ಜೊತೆಗೆ ನಡೆದು ತೋರಿಸುತ್ತಾರೆ.

ಫುಟ್‌ಬಾಲ್ ಇಷ್ಟವಿಲ್ಲದಿದ್ದರೂ ಊರಿನ ಕ್ಲಬ್ಬು ಬೊರುಸ್ಸಿಯಾದ ವೇಳಾಪಟ್ಟಿ ತಿಳಿದಿರಲಿ. ಸ್ಟೇಡಿಯಂನಲ್ಲಿ 81,000ಕ್ಕೂ ಹೆಚ್ಚು ಜನ ಹಿಡಿಯುತ್ತಾರೆ. ಮ್ಯಾಚ್ ದಿನ ಅವರೆಲ್ಲ ನಿಮ್ಮ ರೈಲಿನಲ್ಲೇ ಇರುತ್ತಾರೆ. ದೇವಸ್ಥಾನ ಬೇಕೆನಿಸಿದರೆ ಹತ್ತಿರದ ಹಾಮ್ ಊರಿನಲ್ಲಿ ಶ್ರೀಲಂಕಾ ತಮಿಳರು ಕಟ್ಟಿಸಿದ ಕಾಮಾಕ್ಷಿ ಗುಡಿ ಇದೆ. ಗೋಪುರ, ರಥೋತ್ಸವ ಎಲ್ಲ ಉಂಟು.

ಕೆರೆಯ ಫೋಟೋ ನೋಡಿ ಹ್ಯೋರ್ಡೆಯಲ್ಲಿ ರೂಮು ಹುಡುಕಲು ಹೋಗಬೇಡಿ. ಕ್ಯಾಂಪಸ್ ಹತ್ತಿರದ ಬಾರೋಪ್, ಐಖ್‌ಲಿಂಗ್‌ಹೋಫೆನ್ ಕಡೆ ನೋಡಿ. ವಿದ್ಯಾರ್ಥಿ ಹಾಸ್ಟೆಲ್‌ಗೆ ಇವತ್ತೇ ಅರ್ಜಿ ಹಾಕಿ, ವೀಸಾ ಬರಲಿ ಅಂತ ಕಾಯಬೇಡಿ. ಅಲ್ಲಿ ಸರದಿ ಉದ್ದ ಇರುತ್ತದೆ.