ನಗಿಸುತ್ತಿದ್ದವರ ತಿಥಿಯಲ್ಲಿ ನಗಬಹುದಾ?

ತಂಗೀ, ನಿಮ್ಮ ಯಜಮಾನರು ತೀರಿಕೊಂಡು ಇನ್ನೇನು ವರ್ಷವಾಗುತ್ತದೆ ಅಂತ ಬರೆದಿದ್ದೀರಿ. ಅವರು ದೊಡ್ಡ ದೈವಭಕ್ತರು, ಅಷ್ಟೇ ತಮಾಷೆಯ ಮನುಷ್ಯ. ಈಗ ಮನೆಗೆ ಬಂದವರೆಲ್ಲ ಅವರ ಭಕ್ತಿಯನ್ನಷ್ಟೇ ಹೊಗಳುತ್ತಾರೆ, ಮಕ್ಕಳು ಅಪ್ಪನ ಮಾತು ನೆನೆಸಿಕೊಂಡು ನಕ್ಕರೆ ಹಿರಿಯರು ಗದರುತ್ತಾರೆ, ಮಕ್ಕಳಲ್ಲಿ ಅವರ ನೆನಪು ಹೇಗೆ ಉಳಿಸಲಿ, ತಿಥಿಯ ದಿನ ನಗುವುದು ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ. ನಗಲಿ ಬಿಡಿ. ನಾನೂ ಇದೇ ದಾರಿಯಲ್ಲಿ ನಡೆದು ಬಂದವಳು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಮ್ಮದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಊರು. ನಮ್ಮ ಮನೆಯವರು ಕುಣಿ ಮಗ್ಗದ, ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗದ, ನೇಕಾರರು. ಅವರು ನೇಯುವುದು, ನಾನು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದು, ಹೀಗೆ ನಡೆದ ಸಂಸಾರ. ಇಲ್ಲಿಯ ಎಷ್ಟೋ ನೇಕಾರ ಮನೆತನಗಳ ಹಾಗೆ ನಮಗೂ ಬಾದಾಮಿ ಬನಶಂಕರಿಯೇ ಕುಲದೇವತೆ. ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚಿ, ಮಗ್ಗಕ್ಕೆ ಕೈಮುಗಿಯದೆ ಅವರು ಕುಣಿಯಲ್ಲಿ ಕಾಲು ಇಳಿಬಿಟ್ಟವರಲ್ಲ. ಶುಕ್ರವಾರ ಪೂಜೆ ಮುಗಿಯುವ ತನಕ ಚಹಾ ಕೂಡ ಇಲ್ಲ. ಇದರಲ್ಲಿ ಯಾರು ಹೇಳಿದರೂ ರಿಯಾಯಿತಿ ಇರಲಿಲ್ಲ.

ಅದೇ ಮನುಷ್ಯ ಲಾಳಿ ಓಡಿಸುತ್ತಾ ನಾಟಕದ ಖಳನಾಯಕನ ದನಿಯಲ್ಲಿ ನನ್ನನ್ನು ಕರೆಯುತ್ತಿದ್ದರು. "ಎಲೈ ಸುಂದರೀ, ಕಂಡಿಕಿ ತಾ!" ಮಕ್ಕಳಿಬ್ಬರೂ ಮಗ್ಗದ ಪಕ್ಕ ಕೂತು ನಕ್ಕು ನಕ್ಕು ಉರುಳುತ್ತಿದ್ದರು. ಪಕ್ಕದ ಮನೆಯ ಮಗ್ಗದ ಸದ್ದೂ ಒಂದು ಗಳಿಗೆ ನಿಲ್ಲುತ್ತಿತ್ತು. ಅವರೂ ಕೇಳಿಸಿಕೊಳ್ಳುತ್ತಿದ್ದರು ಅಲ್ವಾ?

ಅವರ ಭಕ್ತಿ, ಅವರ ಹುಡುಗಾಟ ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಬನಶಂಕರಿ ಜಾತ್ರೆಯಲ್ಲಿ ನೋಡಬೇಕಿತ್ತು. ಬನದ ಹುಣ್ಣಿಮೆಗೆ, ಅಂದರೆ ಹೆಚ್ಚುಕಡಿಮೆ ಜನವರಿಯಲ್ಲಿ, ತೇರು. ಅದರ ಮುಂಚೆ ಪಲ್ಯೇದ ಹಬ್ಬ. ಬನಶಂಕರಿ ಅಂದರೆ ಶಾಕಂಬರಿ, ಬರಗಾಲದಲ್ಲಿ ಕಾಯಿಪಲ್ಯ ಕೊಟ್ಟು ಜನರನ್ನು ಬದುಕಿಸಿದ ತಾಯಿ. ಹಾಗಾಗಿ ಅವತ್ತು ಆಕೆಗೆ 108 ಬಗೆಯ ಪಲ್ಯದ ನೈವೇದ್ಯ. ತೇರಿನ ದಿನ ಇವರು ಹೊಂಡದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ದರ್ಶನ ಮಾಡುತ್ತಿದ್ದರು. ತೇರು ಅಲುಗಿದ ಕೂಡಲೇ ಎಲ್ಲರ ಜೊತೆ "ಶಂಭುಕೋ!" ಅಂತ ಜಯಕಾರ ಕೂಗುವಾಗ ಗಂಟಲು ಕಟ್ಟುತ್ತಿತ್ತು, ಕಣ್ಣಲ್ಲಿ ಧಾರಾಕಾರ ನೀರು. ಒಂದು ತಾಸು ಕಳೆಯಲಿ, ಅದೇ ಮುಖ ಬೆಂಡು ಬತ್ತಾಸಿನ ಅಂಗಡಿ ಮುಂದೆ ಪೀಪಿ ಊದುತ್ತಾ ನಿಂತಿರುತ್ತಿತ್ತು.

ಬನಶಂಕರಿಗೆ ಹೋದವರಿಗೆ ಗುಡಿಯ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ ತಂದು ಮಾರುವ ಹೆಂಗಸರು ಗೊತ್ತಿರುತ್ತಾರೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಗಡಿಗೆಯ ಕೆನೆ ಮೊಸರು. ಇವರು ಪ್ರತಿ ಸಲ ಒಬ್ಬ ಅಜ್ಜಿಯ ಹತ್ತಿರವೇ ಕೂರುತ್ತಿದ್ದರು. ಕೂತು ಮುಖ ಸಣ್ಣದು ಮಾಡಿ, "ಯವ್ವಾ, ಈಕಿ ಮನ್ಯಾಗ ಹೊಟ್ಟಿಗೆ ಹಾಕೂದಿಲ್ಲ, ನೀನರ ನೋಡು" ಅನ್ನುತ್ತಿದ್ದರು. ಅಜ್ಜಿ ನನ್ನ ಕಡೆ ಕಣ್ಣು ಕೆಂಪು ಮಾಡಿ, ಅವರ ರೊಟ್ಟಿಯ ಮೇಲೆ ಇನ್ನೊಂದು ಸೌಟು ಮೊಸರು ಸುರಿಯುತ್ತಿದ್ದಳು. ಸುಳ್ಳು ಅಂತ ಆಕೆಗೂ ಗೊತ್ತು. ಆದರೂ ಆಟ ಬಿಡುತ್ತಿರಲಿಲ್ಲ.

ರಾತ್ರಿ ನಾಟಕ. ಜಾತ್ರೆಗೆ ಕಂಪನಿಗಳು ಬಂದು ಟೆಂಟು ಹಾಕಿ ವಾರಗಟ್ಟಲೆ ಆಡುತ್ತವೆ. ವಾರದ ಬಟವಾಡೆಯಲ್ಲಿ ಅರ್ಧ ಟಿಕೇಟಿಗೇ ಹೋದರೆ ನನಗೆ ಸಿಟ್ಟು ಬರದೆ ಇರುತ್ತಾ? ಜಗಳವೂ ಆಗಿದೆ, ಮಾತು ಬಿಟ್ಟದ್ದೂ ಇದೆ. ಒಮ್ಮೆ ನಾನು, ತೇರಿನ ಮುಂದೆ ಅಷ್ಟು ಅತ್ತು ರಾತ್ರಿ ಹೀಗೆ ಸಿಳ್ಳೆ ಹಾಕುತ್ತೀರಲ್ಲ, ತಾಯಿ ಏನು ತಿಳಿದಾಳು ಅಂದೆ. "ತಾಯಿ ಮುಂದ ಮಾರಿ ಗಂಟ ಹಾಕ್ಕೊಂಡ ನಿಂತ್ರ ಆಕಿಗರ ಹೆಂಗ ಸೇರತೈತಿ? ಮಕ್ಕಳು ನಕ್ಕೋತ ಇರಲಿ ಅಂತನ ಅಲ್ಲೇನ ಆಕಿ ಪಲ್ಯಾ ಕೊಟ್ಟಿದ್ದು?" ಅಂದರು. ನನಗೆ ತಿರುಗಿ ಹೇಳಲು ಏನೂ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

2017ರ ಮಳೆಗಾಲದಲ್ಲಿ ಹೃದಯಾಘಾತವಾಗಿ ಹೋದರು. ಮಗ್ಗದ ಮೇಲೆ ಅರ್ಧ ನೇಯ್ದ ಖಣ ಹಾಗೇ ಇತ್ತು, ತೇರಿನ ಚಿತ್ತಾರದ್ದು. ಅದರ ಬಗ್ಗೆ ಜಾಸ್ತಿ ಬರೆಯಲಾರೆ.

ಆಮೇಲೆ ಆದದ್ದು ನಿಮ್ಮ ಮನೆಯಲ್ಲಿ ಈಗ ಆಗುತ್ತಿರುವುದೇ. ಬಂದವರೆಲ್ಲ "ಎಂಥಾ ಭಕ್ತ, ಪುಣ್ಯಾತ್ಮ" ಅಂದರು. ಅವರು ಹೇಳಿದ್ದು ನಿಜವೇ. ಯಾರೋ ಅವರ ಆಧಾರ್ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದರು. ಅದರಲ್ಲಿ ಅವರ ಮುಖ ಬಿಗಿದುಕೊಂಡಿತ್ತು, ಯಾರದೋ ಮುಖದ ಹಾಗೆ. ಮಗ ಆಗ ತುಂಬಾ ಸಣ್ಣವನು. ಆ ಫೋಟೋ ಮುಂದೆ ದಿನಾ ಕೈಮುಗಿಯುವುದನ್ನು ಕಲಿತ. ಕೆಲವು ತಿಂಗಳು ಕಳೆದ ಮೇಲೆ ನೋಡುತ್ತೇನೆ, ಅಪ್ಪನ ವಿಷಯ ಬಂದರೆ ದನಿ ತಗ್ಗಿಸಿ, ಗುಡಿಯ ಪೂಜಾರಿಯ ಬಗ್ಗೆ ಮಾತಾಡುವವನ ಹಾಗೆ ಮಾತಾಡುತ್ತಿದ್ದಾನೆ. ನನಗೆ ಎದೆ ಧಸಕ್ಕೆಂದಿತು. ನನ್ನ ಮಗನಿಗೆ ಬೇಕಾಗಿದ್ದು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಪೀಪಿ ಊದಿದ ಅಪ್ಪ.

ಪೆಟ್ಟಿಗೆ ಹುಡುಕಿ ಜಾತ್ರೆಯ ಒಂದು ಫೋಟೋ ತೆಗೆದೆ. ಹಣೆ ತುಂಬಾ ಕುಂಕುಮ, ಕಣ್ಣಿಗೆ ಜಾತ್ರೆಯಲ್ಲಿ ಕೊಂಡ ಬಣ್ಣದ ಕನ್ನಡಕ, ಬಾಯಿ ತುಂಬಾ ನಗು. ಅದನ್ನೇ ದೊಡ್ಡದು ಮಾಡಿಸಿ ತಿಥಿಗೆ ಇಟ್ಟೆ. ಸಂಬಂಧಿಕರೊಬ್ಬರು ಇದೇನು ಚೆಂದ ಅಂದರು. ನಮ್ಮ ಅತ್ತೆ ಕೋಲೂರಿಕೊಂಡು ಎದ್ದು ಬಂದು ಫೋಟೋ ನೋಡಿದರು. "ಇಂವ ನನ್ನ ಮಗ. ಇದ ಇರಲಿ" ಅಂದರು. ಮುಗಿಯಿತು, ಮತ್ತೆ ಯಾರೂ ಬಾಯಿ ತೆರೆಯಲಿಲ್ಲ.

ಪೂಜೆ, ಎಡೆ ಎಲ್ಲ ಶಾಸ್ತ್ರದ ಪ್ರಕಾರವೇ ನಡೆಯಿತು. ಅವರಿಗೆ ಅದು ಮುಖ್ಯವಾಗಿತ್ತು, ಹಾಗಾಗಿ ಒಂದು ಕೂದಲೆಳೆಯೂ ಕಡಿಮೆ ಮಾಡಲಿಲ್ಲ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಅವರ ಗೆಳೆಯರಿಗೆ ಹೇಳಿದೆ, ಮಕ್ಕಳಿಗೆ ಅವರ ಒಂದೊಂದು ಕಥೆ ಹೇಳಿ ಅಂತ. ಮೊದಲು ಎಲ್ಲರಿಗೂ ಸಂಕೋಚ. ಆಮೇಲೆ ಒಬ್ಬರು ಶುರು ಮಾಡಿದರು. ಬನಶಂಕರಿ ಜಾತ್ರೆಯಲ್ಲಿ ಮರದ ಬಾಗಿಲು, ಚೌಕಟ್ಟು ಮಾರಲು ಸಾಲಾಗಿ ನಿಲ್ಲಿಸಿರುತ್ತಾರಲ್ಲ, ಅಲ್ಲಿ ಇವರು ಒಂದು ಚೌಕಟ್ಟಿನ ಒಳಗೆ ನಿಂತು ಹೋಗಿ ಬರುವವರಿಗೆಲ್ಲ "ಬರ್ರಿ ಬರ್ರಿ, ಮನಿ ಒಳಗ ಬರ್ರಿ, ಚಾ ಕುಡದ ಹೋಗ್ರಿ" ಅಂತ ಕರೆಯುತ್ತಿದ್ದರಂತೆ. ಅಂಗಡಿಯವನು ಮೊದಲು ಬೈದನಂತೆ. ಜನ ಸೇರಿ ವ್ಯಾಪಾರ ಕುದುರಿದ ಮೇಲೆ ನಿಜವಾಗಿಯೂ ಚಹಾ ತರಿಸಿ ಕೊಟ್ಟನಂತೆ. ಈ ಕಥೆ ನನಗೇ ಗೊತ್ತಿರಲಿಲ್ಲ! ನನ್ನ ಮಗ ಅವತ್ತು ಬಿದ್ದು ಬಿದ್ದು ನಕ್ಕ. ಆಮೇಲೆ ನನ್ನ ಮಡಿಲಲ್ಲಿ ಮುಖ ಇಟ್ಟು ಅತ್ತ. ಅಪ್ಪ ಹೋದಾಗಿನಿಂದ ಅವನು ಸರಿಯಾಗಿ ಅತ್ತಿರಲೇ ಇಲ್ಲ ತಂಗಿ.

ಸಾವಾದ ವರ್ಷ ನಮ್ಮಲ್ಲಿ ಹಬ್ಬ, ಜಾತ್ರೆ ಇಲ್ಲ. ವರ್ಷ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋದೆ. ರೊಟ್ಟಿ ಅಜ್ಜಿ ನನ್ನ ಹಿಂದೆ ಮುಂದೆ ನೋಡಿ, "ಎಲ್ಲಿ ಆ ಸುಳ್ಳಬುರುಕ?" ಅಂದಳು. ಹೇಳಿದೆ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಮಗ ಒಂದು ಗಳಿಗೆ ಸುಮ್ನೆ ಇದ್ದು, ಮುಖ ಸಣ್ಣದು ಮಾಡಿ, "ಯಜ್ಜೀ, ನಮ್ಮವ್ವ ಮನ್ಯಾಗ ಹೊಟ್ಟಿಗೆ ಹಾಕೂದಿಲ್ಲ" ಅಂದ. ನಾನು ಹೇಳಿಕೊಟ್ಟದ್ದಲ್ಲ. ಅಜ್ಜಿ ಮೊಸರಿನ ಗಡಿಗೆಯನ್ನೇ ಅವನ ಮುಂದೆ ಎಳೆದಿಟ್ಟಳು.

ಅದಕ್ಕೇ ಹೇಳುತ್ತೇನೆ, ಈ ಸಲ ತಿಥಿಗೆ ನಿಮ್ಮ ಯಜಮಾನರ ಗೆಳೆಯರನ್ನೂ ಕರೆಯಿರಿ. ಸಂಬಂಧಿಕರಿಗಿಂತ ಗೆಳೆಯರ ಹತ್ತಿರ ಜಾಸ್ತಿ ಕಥೆಗಳಿರುತ್ತವೆ. ಅವರು ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ, ಮಕ್ಕಳು ದೊಡ್ಡವರಾದ ಮೇಲೆ ಕೇಳುತ್ತಾರೆ. ಎಡೆಯಲ್ಲಿ ಅವರಿಗೆ ಸೇರುತ್ತಿದ್ದ ಪದಾರ್ಥ ಇರಲಿ. ನಿಮ್ಮ ಜಗಳದ ಕಥೆಗಳನ್ನೂ ಮಕ್ಕಳಿಂದ ಮುಚ್ಚಿಡಬೇಡಿ, ಅದರಲ್ಲೂ ಅವರೇ ಇದ್ದಾರೆ. ಹಿರಿಯರು ಗದರಿದರೆ ಎದುರು ವಾದ ಮಾಡಬೇಡಿ. ಅವರ ಪಕ್ಕದಲ್ಲಿ ಕೂತು, "ಅವರು ಸಣ್ಣವರಿದ್ದಾಗ ಏನೇನು ಕಿತಾಪತಿ ಮಾಡುತ್ತಿದ್ದರು, ಹೇಳಿ" ಅಂತ ಕೇಳಿ ನೋಡಿ. ನಮ್ಮ ಅತ್ತೆಯಂತೂ ಶುರು ಮಾಡಿದರೆ ರಾತ್ರಿ ಊಟದ ತನಕ ನಿಲ್ಲಿಸುತ್ತಿರಲಿಲ್ಲ.